ಎರಡು ಸಲ ಶೂಟ್ ಮಾಡಿದ ಒಂಬತ್ತು ನಿಮಿಷ

ನನ್ನ ಕಿರುಚಿತ್ರದ ಶೂಟಿಂಗ್ ಮೊದಲ ಸಲ ಮುಗಿಸಿದ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ಎರಡು ದಿನದ ಕೆಲಸವೆಲ್ಲ ಲ್ಯಾಪ್‌ಟಾಪಿನಲ್ಲಿತ್ತು. ಕಿಟಕಿಯ ಬೆಳಕು, ಅಪ್ಪನ ಪಾತ್ರ ಮಾಡಿದ ಮೇಷ್ಟ್ರ ಕೆನ್ನೆಯ ಮೇಲೆ ಬಿದ್ದಿದ್ದ ಒಂದು ಶಾಟನ್ನು ಸೌಂಡ್ ಇಲ್ಲದೆ ಮೂರು ಸಲ ನೋಡಿದೆ. ಅಷ್ಟು ಚೆಂದ ಬಂದಿತ್ತು. ನಾಲ್ಕನೇ ಸಲ ಸೌಂಡ್ ಹಾಕಿದೆ. ಅವರು ಬಾಯಿ ತೆರೆಯುವ ಮೊದಲೇ ಗುಂಯ್ ಅಂತ ಒಂದು ಸದ್ದು. ಫ್ರಿಜ್ಜಿನದು. ಅದರ ಮೇಲೆ ಫ್ಯಾನಿನ ಗಾಳಿ. ಇವೆರಡರ ಹಿಂದೆ, ಬಾವಿಯೊಳಗಿಂದ ಬಂದ ಹಾಗೆ ಅವರ ಮಾತು.

ಮಲಗುವ ಮೊದಲು ಎಲ್ಲ ಟೇಕ್‌ಗಳನ್ನೂ ಕೇಳಿ ಮುಗಿಸಿದೆ. ಎಲ್ಲದರಲ್ಲೂ ಅದೇ ಕಥೆ.

ಕಿರುಚಿತ್ರ ಮಾಡಬೇಕು ಅಂದುಕೊಂಡವರು ಮೊದಲು ಕೇಳುವ ಪ್ರಶ್ನೆ, ಯಾವ ಕ್ಯಾಮೆರಾ ತಗೊಳ್ಳಲಿ ಅಂತ. ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ತಿಂಗಳುಗಟ್ಟಲೆ ಕ್ಯಾಮೆರಾಗಳನ್ನು ಹೋಲಿಸಿ ನೋಡಿದ್ದೆ. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದ ಮೇಲೆ ಫೋಟೊ ಕ್ಯಾಮೆರಾದಲ್ಲೇ ಸಿನಿಮಾದಂಥ ದೃಶ್ಯ ತೆಗೆಯಬಹುದು ಅಂತ ಎಲ್ಲರಿಗೂ ಗೊತ್ತಾಯಿತು. 2015ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವಕ್ಕೆ ಬಂದ ಶಾನ್ ಬೇಕರ್ ಅವರ 'ಟ್ಯಾಂಜರೀನ್' ಚಿತ್ರವನ್ನು ತೆಗೆದದ್ದು ಐಫೋನ್ 5ಎಸ್‌ನಲ್ಲಿ. ಅಷ್ಟು ಹಳೆಯ ಫೋನಿನಲ್ಲೇ ಪೂರ್ತಿ ಚಿತ್ರ ಆಗಿದೆ ಅಂದಮೇಲೆ ಈಗ ನಮ್ಮ ಜೇಬಿನಲ್ಲಿರುವ ಫೋನ್ ಧಾರಾಳ ಸಾಕು. ಅಲ್ಲಿಯವರೆಗೆ ನನ್ನ ಯೋಚನೆ ಸರಿಯಾಗಿಯೇ ಇತ್ತು. ಕ್ಯಾಮೆರಾಕ್ಕೆ ಅಂತ ಎತ್ತಿಟ್ಟ ಹಣ ಉಳಿಯಿತು. ಅದನ್ನು ಸೌಂಡಿಗೆ ಹಾಕಬೇಕು ಅನ್ನೋದು ಮಾತ್ರ ಆಗ ಹೊಳೆಯಲಿಲ್ಲ.

ಕೆಟ್ಟ ಸೌಂಡನ್ನು ಆಮೇಲೆ ಸರಿ ಮಾಡಬಹುದು ಅಂತ ಗೆಳೆಯರು ಧೈರ್ಯ ಹೇಳಿದರು. ಒಂದು ವಾರ ಅದರಲ್ಲೇ ಕಳೆದೆ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಸದ್ದು ಕಡಿಮೆ ಮಾಡುವ ಆಯ್ಕೆ ಇರುತ್ತದೆ. ಸ್ವಲ್ಪ ಹಾಕಿದರೆ ಗುಂಯ್ ಹಾಗೇ ಉಳಿಯಿತು. ಜಾಸ್ತಿ ಹಾಕಿದರೆ ಗುಂಯ್ ಹೋಯಿತು, ಆದರೆ ಜೊತೆಗೆ ಮಾತಿನ ಜೀವವೂ ಹೋಯಿತು. ನೀರಿನಡಿ ಕೂತು ಮಾತಾಡಿದಂತೆ ಕೇಳಿಸಿತು. ಕೋಣೆಯ ಗೋಡೆಗಳಿಗೆ ಬಡಿದು ಬಂದ ಪ್ರತಿಧ್ವನಿಯಂತೂ ಹೋಗಲೇ ಇಲ್ಲ.

ಆಮೇಲೆ ಡಬ್ಬಿಂಗ್ ಪ್ರಯತ್ನಿಸಿದೆವು. ಮೇಷ್ಟ್ರು ರಂಗಭೂಮಿಯಲ್ಲಿ ಪಳಗಿದವರು, ನಿವೃತ್ತ ಶಿಕ್ಷಕರು. ಪರದೆ ನೋಡುತ್ತಾ ತುಟಿಗೆ ಮಾತು ಕೂಡಿಸುವ ಕೆಲಸ ಅವರಿಗೆ ಹೊಸದು. ನಾಲ್ಕೈದು ಸಲ ಹೇಳಿದ ಮೇಲೆ ಹೆಡ್‌ಫೋನ್ ತೆಗೆದಿಟ್ಟು ಅಂದರು, "ನೋಡಪ್ಪ, ಅವತ್ತು ಮಗಳ ಪಾತ್ರದ ಹುಡುಗಿ ಎದುರಿಗೆ ಕೂತಿದ್ದಳು. ಅವಳ ಮುಖ ನೋಡಿ ಮಾತು ತಾನಾಗೇ ಬಂತು. ಈಗ ನಾನು ಬರೀ ಓದ್ತಾ ಇದೀನಿ."

ಅವರು ಹೇಳಿದ್ದು ನಿಜವಾಗಿತ್ತು. ಅಭ್ಯಾಸವಿರುವ ಕಲಾವಿದರು, ಒಳ್ಳೆಯ ಡಬ್ಬಿಂಗ್ ಕೋಣೆ, ಸಾಕಷ್ಟು ಸಮಯ ಇದ್ದರೆ ಡಬ್ಬಿಂಗ್ ಒಳ್ಳೆಯ ದಾರಿಯೇ. ನಮ್ಮ ಹತ್ತಿರ ಮೂರರಲ್ಲಿ ಒಂದೂ ಇರಲಿಲ್ಲ. ಆ ಸಂಜೆಯೇ ಮತ್ತೆ ಶೂಟ್ ಮಾಡೋಣ ಅಂತ ತೀರ್ಮಾನಿಸಿದೆವು. ಮೇಷ್ಟ್ರು ಒಂದೇ ಮಾತಿಗೆ ಒಪ್ಪಿದರು. ಆ ಋಣ ನನ್ನ ಮೇಲೆ ಇನ್ನೂ ಇದೆ.

ಕಥೆ ಇಷ್ಟೇ. ವಯಸ್ಸಾದ ಅಪ್ಪನಿಗೆ ಕಿವಿ ಮಂದವಾಗುತ್ತಿದೆ. ಅದನ್ನು ಯಾರಿಗೂ ಹೇಳಿಲ್ಲ. ಕೆಟ್ಟುಹೋದ ಒಂದು ರೇಡಿಯೊವನ್ನು ರಿಪೇರಿ ಮಾಡುತ್ತಾ ಕೂರುತ್ತಾನೆ. ಅವನನ್ನು ತನ್ನ ಜೊತೆ ಕರೆದುಕೊಂಡು ಹೋಗಲು ಮಗಳು ಬರುತ್ತಾಳೆ. ಒಂದು ಸಂಜೆ, ಒಂದು ಕೋಣೆ. ಕೊನೆಗೆ ರೇಡಿಯೊ ಸರಿಯಾಗುತ್ತದೆ. ಅಪ್ಪ ಅದರ ಸ್ಪೀಕರಿನ ಮೇಲೆ ಅಂಗೈ ಇಟ್ಟು, ಕೈಯಿಂದ ಕೇಳುತ್ತಾನೆ. ಮಗಳಿಗೆ ಆಗ ವಿಷಯ ಗೊತ್ತಾಗುತ್ತದೆ.

ಮೊದಲ ಸಲ ಬರೆದಾಗ ಇದು ಹದಿನಾಲ್ಕು ಪುಟ ಇತ್ತು. ಚಿತ್ರಕಥೆಯ ಒಂದು ಪುಟ ಸುಮಾರು ಒಂದು ನಿಮಿಷ ಅಂತ ಲೆಕ್ಕ. ನಾಲ್ಕು ಜಾಗ, ಐದು ಪಾತ್ರ. ರೇಡಿಯೊ ಅಂಗಡಿಯವನು, ಪಕ್ಕದ ಮನೆಯವರು, ಬಸ್ ನಿಲ್ದಾಣ ಎಲ್ಲ ಇತ್ತು. ಎರಡನೇ ಸಲ ಕೂತಾಗ ಪ್ರತಿ ದೃಶ್ಯಕ್ಕೂ ಒಂದೇ ಪ್ರಶ್ನೆ ಕೇಳಿದೆ: ಇದನ್ನು ತೆಗೆದರೆ ಅಂಗೈ ಇಡುವ ಶಾಟಿಗೆ ಏನಾದರೂ ನಷ್ಟ ಆಗುತ್ತಾ? ಅಂಗಡಿ ಹೋಯಿತು, ನಿಲ್ದಾಣ ಹೋಯಿತು, ಪಕ್ಕದ ಮನೆಯವರು ಹೋದರು. ಎಂಟು ಪುಟ ಉಳಿಯಿತು. ಇನ್ನಿಬ್ಬರು ಕಲಾವಿದರಿಗೆ ಫೋನ್ ಮಾಡಿ, ನಿಮ್ಮ ಪಾತ್ರ ಇಲ್ಲ ಅಂತ ಹೇಳೋದು ಕಷ್ಟವಾಯಿತು. ಅಂಗಡಿಯವನ ಪಾತ್ರ ಮಾಡಿದ್ದ ಗೆಳೆಯ ಮಾತ್ರ, "ಹಾಗಾದ್ರೆ ನಾನು ಮೈಕ್ ಹಿಡಿತೀನಿ ಬಿಡೋ" ಅಂದ. ಅವನೇ ನಮ್ಮ ಸೌಂಡ್ ಮನುಷ್ಯನಾದ.

ಕಡಿಮೆ ಹಣದ ಸಿನಿಮಾದಲ್ಲಿ ನಿಜವಾದ ಉಳಿತಾಯ ಆಗುವುದು ಬರೆಯುವಾಗಲೇ. ಒಂದು ಜಾಗ ಕಡಿಮೆಯಾದರೆ ಓಡಾಟ, ಅನುಮತಿ, ಹೊಸದಾಗಿ ಬೆಳಕು ಜೋಡಿಸುವ ಅರ್ಧ ದಿನ, ಎಲ್ಲವೂ ಉಳಿಯುತ್ತವೆ. ಹಾಗೆ ಉಳಿದ ಸಮಯವೆಲ್ಲ ಕಲಾವಿದರಿಗೆ ಸಿಗುತ್ತದೆ.

ಸೌಂಡ್ ಬಗ್ಗೆ ನಾನು ಕಲಿತದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಿವಿಯ ಹಿಂದೆ ಮಿದುಳಿದೆ. ಒಂದೇ ಸಮ ಬರುವ ಸದ್ದನ್ನು ಅದು ಪಕ್ಕಕ್ಕಿಟ್ಟು ಬೇಕಾದ ಮಾತನ್ನಷ್ಟೇ ಹಿಡಿಯುತ್ತದೆ. ಅದಕ್ಕೇ ಆ ಎರಡು ದಿನ ನಮ್ಮಲ್ಲಿ ಯಾರಿಗೂ ಫ್ರಿಜ್ ಕೇಳಿಸಲೇ ಇಲ್ಲ. ಮೈಕಿಗೆ ಹಾಗೆ ಆರಿಸಿಕೊಳ್ಳಲು ಬರುವುದಿಲ್ಲ. ತನ್ನ ಹತ್ತಿರ ಬಂದದ್ದನ್ನೆಲ್ಲ ತಗೊಳ್ಳುತ್ತದೆ. ಮಾತಾಡುವವರಿಂದ ಮೈಕ್ ಎರಡು ಪಟ್ಟು ದೂರ ಹೋದರೆ ನೇರವಾಗಿ ಬರುವ ಮಾತಿನ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೋಣೆ ತುಂಬಿದ ಗುಂಯ್ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ನಾವು ಮೊದಲ ಸಲ ಫೋನಿನ ಮೈಕನ್ನೇ ನಂಬಿದ್ದೆವು. ಫೋನ್ ಎಂಟು ಅಡಿ ದೂರದ ಸ್ಟ್ಯಾಂಡಿನ ಮೇಲಿತ್ತು. ಮಾತು ಬಾವಿಯೊಳಗೆ ಬಿದ್ದದ್ದು ಹೀಗೆ.

ಎರಡನೇ ಸಲ ಒಂದು ಸಣ್ಣ ರೆಕಾರ್ಡರ್, ಒಂದು ಕಾಲರ್ ಮೈಕ್, ಕೋಲಿಗೆ ಕಟ್ಟುವ ಒಂದು ಮೈಕ್ ಬಾಡಿಗೆಗೆ ತಂದೆವು. ಕೋಲು ಅಂದರೆ ಪೇಂಟ್ ಹೊಡೆಯುವವರು ಬಳಸುವ ಉದ್ದ ಮಾಡಬಹುದಾದ ಕೋಲು, ಅಷ್ಟೇ. ಗೆಳೆಯ ಅದನ್ನು ಎರಡೂ ಕೈಯಲ್ಲಿ ತಲೆ ಮೇಲೆ ಹಿಡಿದು, ಮೈಕಿನ ತುದಿ ಮಾತಾಡುವವರ ಎದೆಯ ಕಡೆ ನೋಡುವ ಹಾಗೆ, ಫ್ರೇಮಿನ ಅಂಚಿನವರೆಗೆ ಇಳಿಸುತ್ತಿದ್ದ. ಮೈಕ್ ಪರದೆಯಲ್ಲಿ ಕಾಣುವ ತನಕ ಇಳಿಸಿ, ಆಮೇಲೆ ಒಂದು ಗೇಣು ಮೇಲೆತ್ತೋದು ಅವನೇ ಕಂಡುಕೊಂಡ ಅಳತೆ. ಕಾಲರ್ ಮೈಕನ್ನು ಮೇಷ್ಟ್ರ ಅಂಗಿಯ ಒಳಗೆ ಟೇಪಿನಿಂದ ಅಂಟಿಸಿದೆವು. ವೈರನ್ನು ಒಂದು ಸಣ್ಣ ಸುತ್ತು ಸುತ್ತಿ ಅಂಟಿಸಿದರೆ ಬಟ್ಟೆ ಎಳೆದಾಗ ಬರುವ ಪರಪರ ಸದ್ದು ಬಹಳ ಕಡಿಮೆಯಾಗುತ್ತದೆ.

ರೆಕಾರ್ಡರನ್ನು 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ (ವೀಡಿಯೊಗೆ ಸಾಮಾನ್ಯವಾಗಿ ಬಳಸುವ ಗುಣಮಟ್ಟ) ಇಟ್ಟೆವು. ಜೋರಾಗಿ ಮಾತಾಡಿದಾಗಲೂ ಮೀಟರ್ ಮೈನಸ್ 12 ಡೆಸಿಬಲ್‌ನ ಆಸುಪಾಸು ನಿಲ್ಲಬೇಕು ಅಂತ ನಿಯಮ ಮಾಡಿಕೊಂಡೆವು. ಸೊನ್ನೆ ಮುಟ್ಟಿದರೆ ಸೌಂಡ್ ಒಡೆಯುತ್ತದೆ. ಒಡೆದದ್ದನ್ನು ಮತ್ತೆ ಸರಿ ಮಾಡೋಕೆ ಬರುವುದಿಲ್ಲ. ಕಡಿಮೆ ಬಂದರೆ ಆಮೇಲೆ ಏರಿಸಿಕೊಳ್ಳಬಹುದು.

ಕೋಣೆಗೂ ಕೆಲಸ ಇತ್ತು. ಕ್ಯಾಮೆರಾಕ್ಕೆ ಕಾಣದ ಗೋಡೆಗಳಿಗೆಲ್ಲ ಕಂಬಳಿ, ರಜಾಯಿ ಕಟ್ಟಿದೆವು. ನೆಲದ ಮೇಲೆ ಜಮಖಾನೆ ಹಾಸಿದೆವು. ಕೈ ತಟ್ಟಿ ನೋಡಿದರೆ ಮೊದಲಿನ ಟಣ್ ಅನ್ನುವ ಪ್ರತಿಧ್ವನಿ ಇರಲಿಲ್ಲ. ಫ್ಯಾನ್ ಆಫ್. ಫ್ರಿಜ್ ಆಫ್. ಫ್ರಿಜ್ ಆಫ್ ಮಾಡಿದ ಮೇಲೆ ಮತ್ತೆ ಹಾಕೋದು ಮರೆತರೆ ಒಳಗಿದ್ದದ್ದೆಲ್ಲ ಹಾಳು. ಅದಕ್ಕೆ ಗಾಡಿಯ ಕೀ ಫ್ರಿಜ್ಜಿನೊಳಗೇ ಇಡಬೇಕು. ಕೀ ಇಲ್ಲದೆ ಮನೆಗೆ ಹೋಗೋಕಾಗಲ್ಲ, ಅಲ್ವಾ? ಸೌಂಡ್ ಕೆಲಸದವರು ಬಹಳ ಹಿಂದಿನಿಂದ ಬಳಸುವ ಉಪಾಯ ಇದು. ಎರಡೂ ರಾತ್ರಿ ನನ್ನ ಕೀ ತಣ್ಣಗಾಗಿ ಕೈಗೆ ಬಂತು.

ಪ್ರತಿ ದೃಶ್ಯ ಮುಗಿದ ಮೇಲೆ ಎರಡು ಕೆಲಸ ತಪ್ಪದೆ ಮಾಡಿದೆವು. ಒಂದು, ಯಾರೂ ಅಲ್ಲಾಡದೆ, ಉಸಿರು ಬಿಗಿಹಿಡಿಯದೆ, ಸುಮ್ನೆ ಒಂದು ನಿಮಿಷ ನಿಂತು ಆ ಕೋಣೆಯ ಮೌನವನ್ನು ರೆಕಾರ್ಡ್ ಮಾಡೋದು. ರೂಮ್ ಟೋನ್ ಅಂತಾರೆ. ಎಡಿಟಿಂಗಿನಲ್ಲಿ ಎರಡು ಮಾತುಗಳ ನಡುವೆ ಬರೀ ಖಾಲಿ ಬಿಟ್ಟರೆ ಸೌಂಡ್ ಕಿತ್ತುಹೋದ ಹಾಗಾಗುತ್ತದೆ. ಆ ಜಾಗಕ್ಕೆ ಈ ಮೌನ ತುಂಬಬೇಕು. ಇನ್ನೊಂದು, ಕ್ಯಾಮೆರಾ ಆಫ್ ಮಾಡಿ, ಕಲಾವಿದರು ಅದೇ ಜಾಗದಲ್ಲಿ ಅದೇ ಗುಂಗಿನಲ್ಲಿ ಇರುವಾಗಲೇ ಮುಖ್ಯ ಮಾತುಗಳನ್ನು ಮೈಕ್ ಹತ್ತಿರ ಇಟ್ಟು ಇನ್ನೊಮ್ಮೆ ಹೇಳಿಸೋದು. ಮೇಷ್ಟ್ರು ಹೇಳಿದ "ಬರೀ ಓದ್ತಾ ಇದೀನಿ" ಅನ್ನುವ ಕೊರತೆ ಇಲ್ಲಿ ಬರಲಿಲ್ಲ, ಯಾಕೆಂದರೆ ಮಗಳು ಇನ್ನೂ ಎದುರಿಗೇ ಇದ್ದಳು. ಹೀಗೆ ತೆಗೆದ ನಾಲ್ಕು ಮಾತುಗಳು ಕೊನೆಯ ಚಿತ್ರದಲ್ಲಿವೆ.

ಸೌಂಡನ್ನೂ ಚಿತ್ರವನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿದರೆ ಆಮೇಲೆ ಕೂಡಿಸಬೇಕು. ಅದಕ್ಕೇ ಕ್ಲಾಪ್. ಕ್ಲಾಪ್ ಬೋರ್ಡಿನ ಮರದ ತುಂಡುಗಳು ಸೇರುವ ಫ್ರೇಮು (ವೀಡಿಯೊದ ಒಂದು ಬಿಡಿ ಚಿತ್ರ) ಮತ್ತು ಟಕ್ ಅನ್ನುವ ಸದ್ದು ಎರಡನ್ನೂ ಒಂದೇ ಕಡೆ ತಂದು ಕೂರಿಸಿದರೆ ಮುಗಿಯಿತು. ಕ್ಲಾಪ್ ಬೋರ್ಡ್ ಇಲ್ಲದಿದ್ದರೆ ಕ್ಯಾಮೆರಾ ಮುಂದೆ ಕೈ ತಟ್ಟಿದರೂ ಸಾಕು, ದೃಶ್ಯದ ನಂಬರ್ ಮಾತ್ರ ಬಾಯಲ್ಲಿ ಹೇಳಬೇಕು. ಇಲ್ಲಿ ಫೋನಿನಲ್ಲಿ ಒಂದು ತೊಂದರೆ ಇದೆ. ಎಷ್ಟೋ ಫೋನ್‌ಗಳು ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ಒಂದೇ ಸಮ ತೆಗೆಯುವುದಿಲ್ಲ, ಬೆಳಕು ನೋಡಿಕೊಂಡು ಹೆಚ್ಚು ಕಡಿಮೆ ಮಾಡುತ್ತವೆ. ಹಾಗಾದಾಗ ಟೇಕಿನ ಶುರುವಿನಲ್ಲಿ ಸರಿಯಾಗಿ ಕೂತ ತುಟಿ, ನಾಲ್ಕನೇ ನಿಮಿಷಕ್ಕೆ ಮಾತಿನಿಂದ ಜಾರಿರುತ್ತದೆ. ಫ್ರೇಮ್ ದರವನ್ನು ಕಟ್ಟಿಹಾಕುವ ಕ್ಯಾಮೆರಾ ಆ್ಯಪ್ ಹಾಕಿಕೊಂಡೆವು. ಆದರೂ ಜಾರಿದ ಒಂದೆರಡು ಫೈಲುಗಳನ್ನು ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಒಂದೇ ದರಕ್ಕೆ ಬದಲಾಯಿಸಿ, ಆಮೇಲೆ ಎಡಿಟಿಂಗಿಗೆ ತಗೊಂಡೆ.

ಚಿತ್ರದ ಕಡೆ ನಮ್ಮ ನಿಯಮಗಳು ಕಡಿಮೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50, ಅಂದರೆ ಪ್ರತಿ ಫ್ರೇಮಿಗೆ ಕ್ಯಾಮೆರಾ ಕಣ್ಣು ತೆರೆದಿರುವುದು ಸೆಕೆಂಡಿನ ಐವತ್ತನೇ ಒಂದು ಭಾಗ. ಫ್ರೇಮ್ ದರದ ಎರಡು ಪಟ್ಟು ಶಟರ್ ಇಟ್ಟರೆ ಚಲನೆ ಕಣ್ಣಿಗೆ ಸಹಜವಾಗಿ ಕಾಣುತ್ತದೆ. ಕರೆಂಟ್ 50 ಹರ್ಟ್ಸ್ ಇರುವ ಕಡೆ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುವುದರಿಂದ 1/50 ಶಟರಿನಲ್ಲಿ ಮಿಣುಕು ಬರುವುದಿಲ್ಲ. 60 ಹರ್ಟ್ಸ್ ಇರುವ ದೇಶಗಳಲ್ಲಾದರೆ 30 ಫ್ರೇಮಿಗೆ 1/60 ಇಡುತ್ತಾರೆ. ಮೊದಲ ಸಲ ಎಲ್ಲವನ್ನೂ ಆಟೊಗೆ ಬಿಟ್ಟಿದ್ದೆವು. ಮಗಳು ಕಿಟಕಿಯಿಂದ ಬಾಗಿಲಿಗೆ ನಡೆದುಹೋಗುವಷ್ಟರಲ್ಲಿ ಗೋಡೆ ಹಳದಿಯಿಂದ ನೀಲಿಗೆ ತಿರುಗಿತ್ತು. ಈ ಸಲ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣಲು ಮಾಡುವ ಬಣ್ಣದ ಹೊಂದಾಣಿಕೆ), ಎಕ್ಸ್‌ಪೋಷರ್ (ಒಳಬರುವ ಬೆಳಕಿನ ಪ್ರಮಾಣ), ಫೋಕಸ್ ಮೂರನ್ನೂ ಪ್ರತಿ ಶಾಟಿಗೂ ಲಾಕ್ ಮಾಡಿದೆವು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: ಹಗಲಿನ ಬೆಳಕು ಸುಮಾರು 5600, ಹಳದಿ ಬಲ್ಬ್ 2700ರಿಂದ 3200. ಎರಡೂ ಒಂದೇ ಫ್ರೇಮಿನಲ್ಲಿದ್ದರೆ ಯಾವುದಾದರೂ ಒಂದನ್ನು ನಂಬಬೇಕು. ನಾವು ಕಿಟಕಿಯನ್ನು ನಂಬಿದೆವು. ಮೇಜಿನ ಮೇಲಿನ ದೀಪ ಬೆಚ್ಚಗೆ ಉಳಿಯಿತು, ಸಂಜೆಗೆ ಅದೇ ಸರಿಹೋಯಿತು.

ಬೆಳಕಿನ ಸಾಮಾನು ಅಂದರೆ ಎರಡು ಥರ್ಮಾಕೋಲ್ ಹಾಳೆ, ಒಂದು ಬಿಳಿ ಬೆಡ್‌ಶೀಟ್, ಒಂದು ಕಪ್ಪು ಬಟ್ಟೆ, ಬ್ಯಾಟರಿಯಲ್ಲಿ ಉರಿಯುವ ಒಂದು ಎಲ್‌ಇಡಿ. ಬೆಡ್‌ಶೀಟ್ ಕಿಟಕಿಗೆ ಕಟ್ಟಿದರೆ ಬಿಸಿಲು ಮೆತ್ತಗಾಗುತ್ತದೆ. ಥರ್ಮಾಕೋಲ್ ಮುಖದ ನೆರಳಿರುವ ಕಡೆ ಹಿಡಿದರೆ ಕಣ್ಣಿನಡಿಯ ಕಪ್ಪು ತುಂಬಿಕೊಳ್ಳುತ್ತದೆ. ಕಪ್ಪು ಬಟ್ಟೆ ಇದರ ವಿರುದ್ಧ. ಅದನ್ನು ಪಕ್ಕದಲ್ಲಿ ಇಳಿಬಿಟ್ಟರೆ ಬಿಳಿ ಗೋಡೆಯಿಂದ ವಾಪಸು ಬರುವ ಬೆಳಕು ನಿಂತು, ಮುಖದ ಒಂದು ಮಗ್ಗುಲು ಗಾಢವಾಗುತ್ತದೆ. ಮೇಷ್ಟ್ರು ಒಬ್ಬರೇ ಕೂತಿರುವ ಶಾಟುಗಳಲ್ಲೆಲ್ಲ ಆ ಕಪ್ಪು ಬಟ್ಟೆ ಇದೆ.

ಇನ್ನು ಅಂಗೈ ಶಾಟ್. ಇಡೀ ಚಿತ್ರ ಅದರ ಮೇಲೆ ನಿಂತಿತ್ತು. ಸ್ಪೀಕರಿನ ಬಟ್ಟೆ ನಡುಗುವುದು ಕಣ್ಣಿಗೆ ಕಾಣಬೇಕು, ಆಮೇಲೆ ಕೈ ಬಂದು ಅದರ ಮೇಲೆ ಕೂರಬೇಕು. ರೇಡಿಯೊ ಡಬ್ಬಿಯೊಳಗಿನ ಹಳೆಯ ಸ್ಪೀಕರ್ ತೆಗೆದು, ಒಂದು ಹೋಮ್ ಥಿಯೇಟರಿನ ದೊಡ್ಡ ಸ್ಪೀಕರನ್ನು ಹಿಂದೆ ಬಚ್ಚಿಟ್ಟೆವು. ಫೋನಿನಲ್ಲಿ ಟೋನ್, ಅಂದರೆ ಒಂದೇ ಶ್ರುತಿಯ ಸದ್ದು, ಹೊರಡಿಸುವ ಆ್ಯಪ್ ಇತ್ತು. 50 ಹರ್ಟ್ಸ್ ಟೋನ್ ಹಾಕಿದೆವು. ಬಟ್ಟೆಗೆ ಅಂಟಿಕೊಂಡಿದ್ದ ಒಂದು ಬಿಳಿ ನೂಲಿನ ಎಳೆ ಕಣ್ಣೆದುರೇ ಗಡಗಡ ನಡುಗಿತು. ಪರದೆ ಮೇಲೆ ನೋಡಿದರೆ ನೂಲು ಕದಲುತ್ತಲೇ ಇಲ್ಲ! ಸ್ವಲ್ಪ ದಪ್ಪ ಕಾಣುತ್ತಿತ್ತು, ಅಷ್ಟೇ.

ಅರ್ಧ ಗಂಟೆ ಸ್ಪೀಕರನ್ನು ಅನುಮಾನಿಸಿದೆವು. ಕೊನೆಗೆ ಹೊಳೆದದ್ದು ಲೆಕ್ಕ. ಕ್ಯಾಮೆರಾ ಸೆಕೆಂಡಿಗೆ 25 ಸಲ ನೋಡುತ್ತದೆ. ನೂಲು ಸೆಕೆಂಡಿಗೆ 50 ಸಲ ಆಡುತ್ತದೆ. ಪ್ರತಿ ಸಲ ಕ್ಯಾಮೆರಾ ಕಣ್ಣು ತೆರೆದಾಗ ನೂಲು ಸರಿಯಾಗಿ ಎರಡು ಸುತ್ತು ಮುಗಿಸಿ ಮೊದಲಿದ್ದ ಜಾಗಕ್ಕೇ ಬಂದಿರುತ್ತದೆ. ಜೊತೆಗೆ 1/50 ಶಟರ್ ಅಂದರೆ ಒಂದು ಪೂರ್ತಿ ಆಟದಷ್ಟು ಹೊತ್ತು ಕಣ್ಣು ತೆರೆದೇ ಇರುತ್ತದೆ, ಹಾಗಾಗಿ ಎಲ್ಲ ಕಲೆಸಿ ಒಂದು ದಪ್ಪ ಗೆರೆ. ಟೋನನ್ನು 47ಕ್ಕೆ ಇಳಿಸಿದೆವು, ಶಟರನ್ನು 1/200ಕ್ಕೆ ಏರಿಸಿದೆವು. 50ಕ್ಕೂ 47ಕ್ಕೂ ಇರುವ ಮೂರರ ವ್ಯತ್ಯಾಸದಿಂದ ಈಗ ನೂಲು ಪರದೆ ಮೇಲೆ ಸೆಕೆಂಡಿಗೆ ಮೂರು ಸಲ, ನಿಧಾನವಾಗಿ, ಉಸಿರಾಡಿದ ಹಾಗೆ ಮೇಲೆ ಕೆಳಗೆ ಆಡಿತು. ಕಣ್ಣಿಗೆ ಕಂಡದ್ದಕ್ಕಿಂತ ಪರದೆಯಲ್ಲಿ ಚೆಂದ ಕಂಡಿತು. ಶಟರ್ ಚುರುಕಾದದ್ದರಿಂದ ಬೆಳಕು ಕಾಲು ಭಾಗಕ್ಕೆ ಇಳಿಯಿತು. ಎಲ್‌ಇಡಿಯನ್ನು ಪೂರ್ತಿ ಉರಿಸಿ ಒಂದು ಅಡಿ ದೂರಕ್ಕೆ ತಂದೆವು. ಮಿಣುಕು ಬರುತ್ತೆ ಅಂತ ಕರೆಂಟಿನ ದೀಪಗಳನ್ನೆಲ್ಲ ಆರಿಸಿದೆವು.

"ಈಗ ಕೈ ಇಡಿ ಮೇಷ್ಟ್ರೇ, ಬಹಳ ನಿಧಾನ" ಅಂದೆ.

ಅವರು ಇಟ್ಟರು. ಬೆರಳುಗಳು ಬಟ್ಟೆಗೆ ತಾಗಿದ ಕೂಡಲೇ ನಿಂತವು. ಒಂದು ಕ್ಷಣ ಬಿಟ್ಟು, ಅಂಗೈ ಪೂರ್ತಿ ಕೂತಿತು. ಹೆಬ್ಬೆರಳಿನ ಬುಡದ ಸಡಿಲ ಚರ್ಮದಲ್ಲೂ ಸಣ್ಣ ನಡುಕ ಕಂಡಿತು. ಬೆರಳು ಹಾಗೆ ತಡೆಯಬೇಕು ಅಂತ ನಾನು ಹೇಳಿರಲಿಲ್ಲ, ಚಿತ್ರಕಥೆಯಲ್ಲೂ ಇರಲಿಲ್ಲ. ಒಂದೇ ಟೇಕ್. ಇನ್ನೊಂದು ಬೇಡ ಅಂತ ಕ್ಯಾಮೆರಾ ಹಿಡಿದಿದ್ದ ಗೆಳೆಯ ತಲೆಯಾಡಿಸಿದ.

ಫೋನ್ ಬಿಸಿಯಾಗಿ ತಾನೇ ಆಫ್ ಆಗೋದು, ಜಾಗ ತುಂಬೋದು, ಇವೂ ಇದ್ದವು. ಏರೋಪ್ಲೇನ್ ಮೋಡ್ ಹಾಕಿ, ಕವರ್ ತೆಗೆದು, ಪ್ರತಿ ಎರಡು ಟೇಕಿಗೆ ಸ್ವಲ್ಪ ವಿರಾಮ ಕೊಟ್ಟೆವು. ನಮ್ಮ ಫೈಲುಗಳು ಸೆಕೆಂಡಿಗೆ 50 ಮೆಗಾಬಿಟ್‌ನವು. ಹಾಗಂದ್ರೆ ನಿಮಿಷಕ್ಕೆ ಸುಮಾರು 375 ಎಂಬಿ, ಗಂಟೆಗೆ 22 ಜಿಬಿಗೂ ಜಾಸ್ತಿ. ಎರಡು ಬೇರೆ ಬೇರೆ ಡ್ರೈವ್‌ಗಳಿಗೆ ಕಾಪಿ ಆಗಿ, ತೆರೆದು ನೋಡುವ ತನಕ ಫೋನಿನಿಂದ ಏನನ್ನೂ ಅಳಿಸಲಿಲ್ಲ. ಪ್ರತಿ ಟೇಕ್ ಮುಗಿದ ಮೇಲೆ ಮೇಜಿನ ಫೋಟೊ ಒಂದು ತೆಗೆದಿಟ್ಟೆವು. ಸ್ಕ್ರೂಡ್ರೈವರ್ ಎಲ್ಲಿತ್ತು, ಕನ್ನಡಕ ಮಡಚಿತ್ತೋ ತೆರೆದಿತ್ತೋ ಅಂತ ಮರುದಿನ ಯಾರಿಗೂ ನೆನಪಿರುವುದಿಲ್ಲ.

ಇಬ್ಬರು ಎದುರು ಬದುರು ಕೂತು ಮಾತಾಡುವಾಗ ಅವರ ನಡುವೆ ಒಂದು ಗೆರೆ ಎಳೆದಂತೆ ಅಂದುಕೊಂಡು, ಕ್ಯಾಮೆರಾವನ್ನು ಯಾವಾಗಲೂ ಅದರ ಒಂದೇ ಪಕ್ಕ ಇಡಬೇಕು. ಇದನ್ನು ಓದಿ ತಿಳಿದಿದ್ದೆ. ಆದರೂ ಮೊದಲ ಸಲ ದಾಟಿದ್ದೆವು. ಅಪ್ಪ ಮಗಳು ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾ ಇನ್ಯಾರದೋ ಜೊತೆ ಮಾತಾಡಿದಂತೆ ಕಂಡರು. ಎರಡನೇ ಸಲ ಜಮಖಾನೆಯ ಮೇಲೆ ಬಣ್ಣದ ಟೇಪೇ ಅಂಟಿಸಿಬಿಟ್ಟೆವು.

ಎಡಿಟಿಂಗನ್ನು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಮಾಡಿದೆ. ಹಳೆಯ ಲ್ಯಾಪ್‌ಟಾಪಿನಲ್ಲಿ 4ಕೆ ಫೈಲುಗಳು ನಿಂತು ನಿಂತು ಓಡಿದವು. ಪ್ರಾಕ್ಸಿ, ಅಂದರೆ ಅದೇ ಫೈಲುಗಳ ಚಿಕ್ಕ ನಕಲು ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ, ಕೊನೆಗೆ ಮೂಲ ಫೈಲುಗಳಿಂದ ಹೊರತೆಗೆದೆ. ಮೊದಲ ಜೋಡಣೆ ಹದಿಮೂರು ನಿಮಿಷ ಬಂತು. ಆರು ಜನರಿಗೆ ಒಬ್ಬೊಬ್ಬರಾಗಿ ತೋರಿಸಿದೆ. ಹೇಗಿದೆ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಾರೆ, ಪ್ರೀತಿಯಿಂದಲೇ. ಅದಕ್ಕೆ ನಾನು, ಎಲ್ಲಿ ನಿಮ್ಮ ಮನಸ್ಸು ಬೇರೆ ಕಡೆ ಹೋಯಿತು ಅಂತ ಕೇಳಿದೆ. ನಾಲ್ಕು ಜನ ಒಂದೇ ಜಾಗ ತೋರಿಸಿದರು. ಮಗಳು ಫೋನಿನಲ್ಲಿ ಅಪ್ಪನ ಪರಿಸ್ಥಿತಿಯನ್ನೆಲ್ಲ ವಿವರಿಸುವ ದೃಶ್ಯ. ನಾನು ಬಹಳ ಕಷ್ಟಪಟ್ಟು ಬರೆದದ್ದು. ಅದನ್ನು ಪೂರ್ತಿ ಕಿತ್ತ ಮೇಲೆ ಕಥೆ ಇನ್ನೂ ಚೆನ್ನಾಗಿ ಅರ್ಥವಾಯಿತು. ಹಾಗೆ ಕತ್ತರಿಸುತ್ತಾ ಬಂದು ಒಂಬತ್ತು ನಿಮಿಷಕ್ಕೆ ನಿಂತಿತು.

ಚಿತ್ರಕ್ಕೆ ಜೀವ ಬಂದದ್ದು ಮಾತ್ರ ಸೌಂಡ್ ಕೂರಿಸುವಾಗ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ, ಅಂದರೆ ಜಾಸ್ತಿ ಹರ್ಟ್ಸಿನ, ಸದ್ದುಗಳನ್ನು. ಮಾತಿನಲ್ಲಿ ಸ, ಶ, ಚ, ತ ಇಂಥ ವ್ಯಂಜನಗಳು ಆ ಎತ್ತರದಲ್ಲೇ ಜಾಸ್ತಿ ಇರುತ್ತವೆ. ಅ, ಆ ಇಂಥ ಸ್ವರಾಕ್ಷರಗಳ ಬಲ ಕೆಳಗಿನ ಭಾಗದಲ್ಲಿರುತ್ತದೆ. ಹಾಗಾಗಿ ಅವರಿಗೆ ಯಾರೋ ಮಾತಾಡುತ್ತಿರುವುದು ಕೇಳಿಸುತ್ತದೆ, ಏನಂದರು ಅನ್ನೋದು ತಿಳಿಯುವುದಿಲ್ಲ. ಮಗಳ ಒಂದು ಮಾತು ಹೀಗಿತ್ತು: "ಅಪ್ಪಾ, ಸಂಜೆ ಸಾಮಾನೆಲ್ಲ ಕಟ್ಟಿಡ್ತೀನಿ." ಆ ಮಾತನ್ನು ಅಪ್ಪನ ಮುಖದ ಕ್ಲೋಸಪ್ ಮೇಲೆ ಹಾಕಿ, 1000 ಹರ್ಟ್ಸಿಗಿಂತ ಮೇಲಿನದನ್ನೆಲ್ಲ ಫಿಲ್ಟರಿನಿಂದ ಇಳಿಸಿದೆ. ಸಕಾರ ಹೋಯಿತು, ಚೂಪಾದ ಅಂಚುಗಳೆಲ್ಲ ಹೋದವು. ಸ್ವರಾಕ್ಷರಗಳ ದುಂಡನೆಯ ದನಿಯಷ್ಟೇ ಉಳಿಯಿತು. ಗೋಡೆಯಾಚೆ ಯಾರೋ ಪ್ರೀತಿಯಿಂದ ಏನೋ ಹೇಳುತ್ತಿರುವ ಹಾಗೆ. ಮುಂದಿನ ಶಾಟ್ ಮಗಳದು. ಅಲ್ಲಿ ಫಿಲ್ಟರ್ ಇಲ್ಲ, ಎಲ್ಲ ನಿಚ್ಚಳ. ನೋಡುವವರಿಗೆ ಯಾರೂ ಏನನ್ನೂ ವಿವರಿಸುವ ಅಗತ್ಯ ಬೀಳಲಿಲ್ಲ. ಮೊದಲ ಸಲದ ಫೋನಿನ ಸೌಂಡಿನಲ್ಲಿ ಇದನ್ನು ಮಾಡಲು ಸಾಧ್ಯವೇ ಇರಲಿಲ್ಲ. ಮೊದಲೇ ಮಸುಕಾಗಿರುವ ಮಾತನ್ನು ಮತ್ತೆ ಮಸುಕು ಮಾಡಿದರೆ ಯಾರಿಗೆ ವ್ಯತ್ಯಾಸ ಗೊತ್ತಾಗುತ್ತದೆ?

ರೇಡಿಯೊದ ಗುಂಡಿ ತಿರುಗಿಸುವ ಕಟಕ್, ಸ್ಕ್ರೂ ಮೇಜಿನ ಮೇಲೆ ಉರುಳುವ ಸದ್ದು, ಅಂಗೈ ಬಟ್ಟೆಗೆ ಒರೆಸಿದ ಸದ್ದು, ಇವನ್ನೆಲ್ಲ ಕಂಬಳಿಯಡಿ ಮೈಕ್ ಇಟ್ಟು ಬೇರೆಯಾಗಿ ರೆಕಾರ್ಡ್ ಮಾಡಿದೆ. ಮೂರು ರಾತ್ರಿ ಹಿಡಿಯಿತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ರಾತ್ರಿಗಳು ಅವು.

ರೇಡಿಯೊದಲ್ಲಿ ಹಾಡು ಬರಬೇಕಿತ್ತು. ನಮಗಿಷ್ಟವಾದ ಯಾವುದೋ ಹಾಡು ಹಾಕುವಂತಿಲ್ಲ. ಹಾಡಿನ ಹಕ್ಕು ಅದರ ಒಡೆಯರದು, ರೇಡಿಯೊದಲ್ಲಿ ಕೇಳಿಸಿದ ಹಾಗೆ ಇಟ್ಟರೂ ಅನುಮತಿ ಬೇಕೇ ಬೇಕು. ಕ್ರಿಯೇಟಿವ್ ಕಾಮನ್ಸ್, ಅಂದರೆ ಒಡೆಯರೇ ಕೆಲವು ಷರತ್ತುಗಳ ಮೇಲೆ ಮೊದಲೇ ಅನುಮತಿ ಕೊಟ್ಟಿರುವ ಪರವಾನಗಿಯ ಸಂಗೀತ ಸಿಗುತ್ತದೆ. ಅದರಲ್ಲೂ ಕೆಲವಕ್ಕೆ ಹೆಸರು ಹಾಕಬೇಕು, ಕೆಲವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಓದಿ ನೋಡಿಯೇ ತಗೋಬೇಕು. ಮಗಳ ಪಾತ್ರ ಮಾಡಿದ ಅಕ್ಕ ತಾನೇ ಕಟ್ಟಿದ ಒಂದು ಧಾಟಿಯನ್ನು ಗುನುಗಿ ಕೊಟ್ಟರು. ಅದನ್ನು ಬಳಸಿಕೊಳ್ಳಲು ಒಪ್ಪಿಗೆ ಅಂತ ಒಂದು ಕಾಗದದಲ್ಲಿ ಬರೆಸಿಕೊಂಡೆ. ಎಲ್ಲ ಕಲಾವಿದರಿಂದಲೂ ಅಂಥದೊಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದ್ದೆ. ಸ್ನೇಹಿತರೇ ಆದರೂ ಇದು ಇರಲಿ. ಚಿತ್ರೋತ್ಸವಗಳಿಗೆ ಕಳಿಸುವಾಗ ಹಕ್ಕುಗಳೆಲ್ಲ ನಿಮ್ಮ ಹತ್ತಿರ ಇವೆಯಾ ಅಂತ ಕೇಳುತ್ತಾರೆ.

ಮುಗಿದ ಚಿತ್ರವನ್ನು ಮೊದಲು ತೋರಿಸಿದ್ದು ಮೇಷ್ಟ್ರಿಗೆ. ಅವರು ಕಣ್ಣು ಮುಚ್ಚಿಕೊಂಡು ಅರ್ಧ ಚಿತ್ರ ಕೇಳಿದರು. ಅಂಗೈ ಶಾಟಿಗೆ ಕಣ್ಣು ತೆರೆದರು. ಮುಗಿದ ಮೇಲೆ, "ಇನ್ನೊಂದ್ಸಲ ಹಾಕು" ಅಂದರು.

ಈಗ ಮುಂದಿನ ಕಿರುಚಿತ್ರ ಬರೆಯುತ್ತಿದ್ದೇನೆ. ಆರು ಪುಟ, ಎರಡು ಪಾತ್ರ. ಹೋದ ವಾರ ಶೂಟಿಂಗಿಗೆ ಒಂದು ಮನೆ ನೋಡಲು ಹೋಗಿದ್ದೆವು. ಕ್ಯಾಮೆರಾ ತಗೊಂಡು ಹೋಗಲಿಲ್ಲ. ನಾನು, ಮೈಕ್ ಹಿಡಿಯುವ ಗೆಳೆಯ ಇಬ್ಬರೂ ಆ ಕೋಣೆಯ ನಡುವೆ ಕಣ್ಣು ಮುಚ್ಚಿ ಐದು ನಿಮಿಷ ನಿಂತೆವು. ನೀರಿನ ಮೋಟಾರ್ ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ. ಪಕ್ಕದ ಮನೆಯಲ್ಲಿ ನಾಯಿ. ಗಡಿಯಾರದ ಟಿಕ್ ಟಿಕ್, ಅದನ್ನು ಇಳಿಸಿಡಬಹುದು. ಗೆಳೆಯ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು, ಕೊನೆಗೆ ಅಡುಗೆಮನೆ ಕಡೆ ನೋಡಿ ಕೇಳಿದ, "ಫ್ರಿಜ್ಜಿನ ಸ್ವಿಚ್ ಎಲ್ಲಿದೆ ಅಂತ ನೋಡ್ಕೊಂಡ್ಯಾ?"